ಅಡಿಗೆಮನೆಯ ಹೊಗೆಗೊಂದು ಹೊರದಾರಿ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ವಿದ್ಯೆ, ವಿನಯ, ಶೀಲ ಇವುಗಳಲ್ಲೊಂದನ್ನು ಕುರಿತದ್ದಾಗಿರಬೇಕೆಂದು ವಾಚಕರು ನಿರೀಕ್ಷಿಸುವುದು ಸಹಜವೇ ಸರಿ. ನಾವಾದರೋ ಈ ಸಲ ಅಡಿಗೆಮನೆಯ ಹೊಗೆಯನ್ನು ಕುರಿತು ನಾಲ್ಕು ಮಾತು ಬರೆಯಲು ನಿಶ್ಚಯಿಸಿದ್ದೇವೆ. ವಿಷಯವು ಅಲ್ಪವಾದುದೆಂದು ಯಾರೂ ಪುಟವನ್ನು ಮಗುಚದಿರಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಲಗ್ಗೆರೆಯಲ್ಲಿಯೂ ಅದರ ಸುತ್ತಣ ಬಡಾವಣೆಗಳಲ್ಲಿಯೂ ಸ್ವಂತ ಮನೆಗಳನ್ನು ಕಟ್ಟಿಸುತ್ತಿದ್ದಾರೆ. ಪೋಷಕರಲ್ಲಿ ಹಲವರು ಇರುವ ಮನೆಯ ಮೇಲೆ ಇನ್ನೊಂದು ಅಂತಸ್ತನ್ನು ಏರಿಸುತ್ತಿದ್ದಾರೆ. ಗೃಹಪ್ರವೇಶಗಳಿಗೆ ನಮ್ಮನ್ನು ಪ್ರೀತಿಯಿಂದ ಕರೆಯುತ್ತಾರೆ. ಇಂಥ ಹೊಸ ಮನೆಗಳಲ್ಲಿ ನಾವು ಕಂಡ ಒಂದು ಕೊರತೆಯೇ ಈ ಲೇಖನಕ್ಕೆ ಕಾರಣ. ನೆಲಕ್ಕೆ ನುಣುಪಾದ ಕಲ್ಲು, ಗೋಡೆಗೆ ಬಣ್ಣದ ಹೆಂಚು, ಒಲೆಯ ಮೇಲೆ ಹೊಳೆಯುವ ಚಿಮ್ನಿ, ಎಲ್ಲವೂ ಇರುತ್ತವೆ. ಆದರೆ ಆ ಚಿಮ್ನಿಯು ಹೀರಿದ ಹೊಗೆಯು ಎಲ್ಲಿಗೆ ಹೋಗತಕ್ಕದ್ದೆಂಬುದನ್ನು ಮಾತ್ರ ಯಾರೂ ಮೊದಲೇ ಯೋಚಿಸಿರುವುದಿಲ್ಲ.

ಲಗ್ಗೆರೆಯ ಮನೆಗಳ ಸ್ವರೂಪವನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಹಿಂದೆ ಹಳ್ಳಿಯಾಗಿದ್ದ ಈ ಊರು, ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆದಂತೆಲ್ಲ ತಾನೂ ಒತ್ತೊತ್ತಾಗಿ ಬೆಳೆಯಿತು. ಇಪ್ಪತ್ತು-ಮೂವತ್ತರ ಸೈಟು, ಹೆಚ್ಚೆಂದರೆ ಮೂವತ್ತು-ನಲವತ್ತರದು. ಅದರ ಮೇಲೆ ಮೂರು ನಾಲ್ಕು ಅಂತಸ್ತು. ಅಂತಸ್ತಿಗೆ ಒಂದೋ ಎರಡೋ ಬಾಡಿಗೆಯ ಸಂಸಾರ. ಒಂದು ಮನೆಯ ಗೋಡೆಗೂ ನೆರೆಮನೆಯ ಗೋಡೆಗೂ ನಡುವೆ ಅನೇಕ ಕಡೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಮಾತ್ರ ಸಂದು ಉಂಟು. ಕಾರ್ಖಾನೆಗೂ ಗಾರ್ಮೆಂಟ್ಸಿಗೂ ಹೋಗುವ ತಾಯಂದಿರು ನಸುಕಿನಲ್ಲಿಯೇ ಎದ್ದು, ಬೆಳಗಿನ ತಿಂಡಿಯನ್ನೂ ಮಧ್ಯಾಹ್ನದ ಬುತ್ತಿಯನ್ನೂ ಒಂದೇ ಸಲ ಮಾಡಿ ಮುಗಿಸುವರು. ಆ ಹೊತ್ತಿನಲ್ಲಿ ಚಳಿಗೋ ಸೊಳ್ಳೆಗೋ ಕಿಟಕಿಯು ಮುಚ್ಚಿರುತ್ತದೆ. ಮಕ್ಕಳು ಅದೇ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಪಾಠವನ್ನೋದಿಕೊಳ್ಳುತ್ತಾರೆ. ಒಗ್ಗರಣೆಯ ಘಾಟು ತಾಯಿಗೆಷ್ಟು ತಟ್ಟುವುದೋ ಮಗುವಿಗೂ ಅಷ್ಟೇ ತಟ್ಟುವುದು.

“ನಮ್ಮ ಅಜ್ಜಿಯರು ಸೌದೆಯ ಒಲೆಯ ಮುಂದೆ ಕುಳಿತೇ ಎಂಬತ್ತು ವರ್ಷ ಬಾಳಲಿಲ್ಲವೇ?” ಎಂದು ಕೇಳುವವರುಂಟು. ಬಾಳಿದವರು ಬಾಳಿದರು, ಬಾಳದೆ ಹೋದವರ ಲೆಕ್ಕವನ್ನಿಟ್ಟವರಾರು? ಊದುಕೊಳವೆಯನ್ನು ಹಿಡಿದು ಕಣ್ಣೀರು ಸುರಿಸುತ್ತ, ಕೆಮ್ಮುತ್ತ, ಐವತ್ತಕ್ಕೆ ಮೊದಲೇ ಉಬ್ಬಸಕ್ಕೆ ಗುರಿಯಾದ ಹೆಂಗಸರು ಪ್ರತಿಯೊಂದು ಊರಿನಲ್ಲಿಯೂ ಇದ್ದರು; ಅದನ್ನು ವಯಸ್ಸಿನ ಧರ್ಮವೆಂದುಕೊಂಡರೇ ಹೊರತು ಹೊಗೆಯ ಫಲವೆಂದುಕೊಳ್ಳಲಿಲ್ಲ. ಮನೆಯೊಳಗಣ ಹೊಗೆಯ ದೆಸೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಮಂದಿ ಅಕಾಲಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಹಾಗೆಂದು ನಮ್ಮ ಹಿರಿಯರು ಹೊಗೆಯ ವಿಚಾರದಲ್ಲಿ ಅವಿವೇಕಿಗಳಾಗಿದ್ದರೆಂದು ತಿಳಿಯಬಾರದು. ತೊಟ್ಟಿಯ ಮನೆಯಲ್ಲಿ ನಡುವಣ ಬಯಲೇ ಗಾಳಿಗೆ ದಾರಿಯಾಗಿತ್ತು. ಅಡಿಗೆಮನೆಯ ಮಾಡಿನಲ್ಲಿ ಹೊಗೆಗಂಡಿಯನ್ನು ಬಿಡುತ್ತಿದ್ದರು. ಹೆಂಚಿನ ಸಂದುಗಳಿಂದಲೂ ಹೊಗೆಯು ನುಸುಳುತ್ತಿತ್ತು. ಜಂತೆಗೆ ಹಿಡಿದ ಇಲ್ಲಣವನ್ನು ಹಬ್ಬಕ್ಕೊಮ್ಮೆ ಹೊಡೆಯುತ್ತಿದ್ದರು. ಹೆಂಚು ಹೋಗಿ ಕಾಂಕ್ರೀಟಿನ ಮೇಲ್ಛಾವಣಿ ಬಂದಾಗ ಹೊಗೆಗಂಡಿಯೂ ಹೋಯಿತು. ಅದರ ಸ್ಥಾನಕ್ಕೆ ಬೇರೊಂದು ಬರಲಿಲ್ಲ. ಬೆಂಗಳೂರಿನಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗವು ಆರಂಭವಾಯಿತು. ಅಲ್ಲಿ ರೂಪುಗೊಂಡು 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹರಡಿದ ‘ಅಸ್ತ್ರ ಒಲೆ’ಯನ್ನು ನಮ್ಮ ಪೋಷಕರಲ್ಲಿ ಕೆಲವರಾದರೂ ತಮ್ಮ ತವರಿನಲ್ಲಿ ಕಂಡಿರಬಹುದು. ಮೂರು ಪಾತ್ರೆಗಳನ್ನು ಒಟ್ಟಿಗೆ ಕೂರಿಸುವ ಆ ಒಲೆಗೆ ಹೊಗೆಗೊಳವಿಯು ಕೈಕಾಲುಗಳಂತೆ ಅಂಗವಾಗಿತ್ತು. ಒಲೆಯನ್ನು ಕಟ್ಟಿದ ಮೇಲೆ ಕೊಳವಿಯನ್ನು ಹುಡುಕಿದುದಲ್ಲ, ಎರಡನ್ನೂ ಒಂದಾಗಿಯೇ ಯೋಚಿಸಿದುದು. ಆ ಕೊಳವಿಯಲ್ಲಿ ಮಸಿ ಕಟ್ಟಿಕೊಂಡಿತೆಂದರೆ ಹೊಗೆಯು ಮರಳಿ ಮನೆಗೇ ಬರುತ್ತಿತ್ತು. ಈ ಎರಡು ಪಾಠಗಳನ್ನೂ ಇಂದಿನ ಚಿಮ್ನಿಯ ಯಜಮಾನರು ಕಲಿತುಕೊಳ್ಳುವುದು ಲೇಸು.

“ಈಗ ಗ್ಯಾಸ್ ಒಲೆ ಬಂದಿದೆ, ಹೊಗೆಯೆಲ್ಲಿಯದು?” ಎಂಬುದು ಎರಡನೆಯ ಆಕ್ಷೇಪ. ಸೌದೆಗಿಂತ ಗ್ಯಾಸು ಎಷ್ಟೋ ಪಾಲು ಮೇಲೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಉರಿಯುವ ಗ್ಯಾಸಿನಿಂದಲೂ ನೀರಿನ ಆವಿ, ಇಂಗಾಲದ ಡೈಆಕ್ಸೈಡು, ಶ್ವಾಸನಾಳವನ್ನು ಕೆರಳಿಸುವ ಸಾರಜನಕದ ಡೈಆಕ್ಸೈಡು ಇವು ಹುಟ್ಟುತ್ತವೆ. ಒಲೆಯಿಂದ ಹುಟ್ಟುವುದಕ್ಕಿಂತಲೂ ಬಾಣಲೆಯಿಂದ ಹುಟ್ಟುವುದು ಕೆಟ್ಟದ್ದು. ಎಣ್ಣೆಯು ಹೊಗೆಯಾಡುವಷ್ಟು ಕಾದಾಗ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಮೇಲೇಳುತ್ತವೆ. ಹೆಚ್ಚಿನ ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರಿಗೆ ಕಾರಣವಾಗತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ವರ್ಗೀಕರಿಸಿದೆ. ಹಬ್ಬದ ದಿನ ಎರಡು ಗಂಟೆ ಕಾಲ ಬಾಣಲೆಯ ಮುಂದೆ ನಿಲ್ಲುವ ಗೃಹಿಣಿಗೆ ಇದು ದೂರದ ಮಾತಲ್ಲ.

ಇನ್ನು ಚಿಮ್ನಿಯ ವಿಚಾರ. ಅಂಗಡಿಯಲ್ಲಿ ಎರಡು ವಿಧವಾದ ಚಿಮ್ನಿಗಳು ದೊರೆಯುತ್ತವೆ. ಒಂದು, ಕೊಳವೆಯ ಮೂಲಕ ಹೊಗೆಯನ್ನು ಮನೆಯಿಂದ ಹೊರಕ್ಕೆ ತಳ್ಳುವುದು. ಇನ್ನೊಂದು, ಹೊಗೆಯನ್ನು ಹೀರಿ, ಜಿಡ್ಡನ್ನು ಜಾಲರಿಯಲ್ಲಿ ತಡೆದು, ಇದ್ದಿಲಿನ ಸೋಸುಕದ ಮೂಲಕ ವಾಸನೆಯನ್ನು ಕಡಮೆ ಮಾಡಿ, ಗಾಳಿಯನ್ನು ಮರಳಿ ಅದೇ ಕೋಣೆಗೆ ಬಿಡುವುದು. ಎರಡನೆಯದಕ್ಕೆ ಗೋಡೆಯನ್ನು ಕೊರೆಯಬೇಕಾದುದಿಲ್ಲವಾದುದರಿಂದ ಅದು ಸುಲಭವೆಂದು ಅನೇಕರು ಮರುಳಾಗುತ್ತಾರೆ. ಆದರೆ ಬಿಸಿಯೂ ಆವಿಯೂ ಉರಿದ ಗ್ಯಾಸಿನ ಶೇಷವೂ ಕೋಣೆಯಲ್ಲಿಯೇ ಉಳಿಯುತ್ತವೆ. ಇದ್ದಿಲಿನ ಶಕ್ತಿಯು ಕೆಲವು ತಿಂಗಳುಗಳಲ್ಲಿ ಕುಂದುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸುವ ಮನೆಗಳು ಎಷ್ಟು? ಕಸವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಡಿಸಿದವಳನ್ನು ನಾವು ಅಚ್ಚುಕಟ್ಟಿನವಳೆನ್ನುವುದಿಲ್ಲವಷ್ಟೆ. ಹೊಗೆಯೂ ಮನೆಯನ್ನು ಬಿಟ್ಟು ಹೋದರೇನೇ ಹೋದಂತೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಚಿಮ್ನಿಯನ್ನು ಕೊಳ್ಳುವುದು ಕಡೆಯ ಕೆಲಸ, ಹೊಗೆಯ ದಾರಿಯನ್ನು ಗೊತ್ತುಮಾಡುವುದು ಮೊದಲನೆಯ ಕೆಲಸ. ಅದನ್ನು ಮನೆಯ ನಕ್ಷೆಯಲ್ಲಿಯೇ ಗುರುತಿಸತಕ್ಕದ್ದು. ಹಾಗೆ ಗುರುತಿಸುವಾಗ ಆ ಮನೆಯಲ್ಲಿ ಅಡಿಗೆ ಮಾಡುವವಳ ಮಾತನ್ನು ಕೇಳತಕ್ಕದ್ದು. ಇದನ್ನು ಹೇಗೆ ಮಾಡಬೇಕೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇವೆ. ಏಕೆಂದರೆ ಇಂಥ ವಿಷಯಗಳಲ್ಲಿ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ.

ಮೊದಲನೆಯದು ಸ್ಥಳ. ಅಡಿಗೆಮನೆಯು ಆಗ್ನೇಯ ಮೂಲೆಯಲ್ಲಿರಬೇಕೆಂದು ಅನೇಕ ಮನೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅವರವರ ನಂಬಿಕೆಗೆ ನಾವು ಅಡ್ಡಿ ಹೇಳುವವರಲ್ಲ. ಆದರೆ ಆ ಮೂಲೆಯ ಎರಡು ಹೊರಗೋಡೆಗಳಲ್ಲಿ ಯಾವುದು ರಸ್ತೆಗೋ ಹಿತ್ತಿಲ ಕಡೆಯ ಯುಟಿಲಿಟಿಗೋ ತೆರೆದುಕೊಂಡಿದೆ, ಯಾವುದು ನೆರೆಯವರ ಗೋಡೆಗೆ ಅಂಟಿಕೊಂಡಿದೆ ಎಂಬುದನ್ನು ಅದೇ ದಿನ ನೋಡಬೇಕು. ಒಲೆಯು ಬಯಲಿನ ಕಡೆಯ ಗೋಡೆಗೆ ಒರಗಿದ್ದರೆ ಕೊಳವೆಯು ಒಂದು ಗೇಣಿನಲ್ಲಿ ಹೊರಬೀಳುತ್ತದೆ. ಒಲೆಯು ಒಳಗೋಡೆಗಿದ್ದರೆ ಕೊಳವೆಯು ಕೋಣೆಯನ್ನೆಲ್ಲ ಸುತ್ತಬೇಕಾಗುತ್ತದೆ.

ಎರಡನೆಯದು ಎತ್ತರ. ಒಲೆಯ ಮೇಲ್ಭಾಗದಿಂದ ಚಿಮ್ನಿಯ ಬಾಯಿಗೆ 26ರಿಂದ 30 ಅಂಗುಲ ಅಂತರವಿರಬೇಕೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಇದಕ್ಕಿಂತ ಎತ್ತರಕ್ಕೆ ಹೋದರೆ ಹೊಗೆಯು ಪಕ್ಕಕ್ಕೆ ಸರಿಯುತ್ತದೆ. ಕೆಳಕ್ಕಿಳಿದರೆ ತಲೆಗೆ ತಗಲುತ್ತದೆ, ಉರಿಗೂ ಹತ್ತಿರವಾಗುತ್ತದೆ. ಒಲೆಯು ನೆಲದಿಂದ ಮೂರಡಿ ಇರುವುದೆಂದಿಟ್ಟುಕೊಂಡರೆ ಚಿಮ್ನಿಯ ಬಾಯಿ ಸುಮಾರು ಐದೂವರೆ ಅಡಿಯಲ್ಲಿ ಬರುವುದು; ಅದರ ಮೈಯನ್ನೂ ಕೊಳವೆಯ ತಿರುವನ್ನೂ ಕೂಡಿದರೆ ಗೋಡೆಯ ರಂಧ್ರವು ಎಂಟಡಿಯ ಸುಮಾರಿಗೆ ಬೀಳುವುದು. ಏಳಡಿಯಲ್ಲಿ ಲಿಂಟಲ್ ಇರುತ್ತದೆ. ಮೇಲೆ ಛಾವಣಿಯ ಬೀಮು ಇರುತ್ತದೆ. ಇವೆರಡರ ನಡುವಣ ಇಟ್ಟಿಗೆಯ ಭಾಗದಲ್ಲಿಯೇ ರಂಧ್ರವನ್ನು ಬಿಡತಕ್ಕದ್ದು. ಮನೆ ಮುಗಿದ ಮೇಲೆ ಬಂದ ಕೆಲಸಗಾರನು ಕಂಬವನ್ನೋ ಬೀಮನ್ನೋ ಕೊರೆಯುವ ಪ್ರಸಂಗ ಬರಲೇಬಾರದು. ಗೋಡೆ ಕಟ್ಟುವಾಗಲೇ ಏಳಂಗುಲ ಅಗಲದ ಒಂದು ಕೊಳವೆಯ ತುಂಡನ್ನು ಹುದುಗಿಸಿಡೆಂದು ಮೇಸ್ತ್ರಿಗೆ ಹೇಳಿದರೆ ಸಾಕು. ಪಾತ್ರೆ ಪಡಗಗಳನ್ನಿಡಲು ಒಲೆಯ ನೇರಕ್ಕೇ ಸಜ್ಜೆಯನ್ನು ಹಾಕಿಸುವ ರೂಢಿಯೊಂದುಂಟು. ಅದು ಕೊಳವೆಯ ದಾರಿಗೆ ಅಡ್ಡಬರುವುದು. ಆ ಗೋಡೆಯೊಂದನ್ನು ಬಿಟ್ಟು ಬೇರೆ ಗೋಡೆಗೆ ಹಾಕಿಸಿಕೊಳ್ಳಬಹುದು.

ಮೂರನೆಯದು ಕೊಳವೆಯ ಅಗಲ. ಇಲ್ಲಿ ನಮ್ಮ ಶಾಲೆಯ ಗಣಿತವು ಉಪಯೋಗಕ್ಕೆ ಬರುತ್ತದೆ. ಚಿಮ್ನಿಯ ಬಾಯಿಯು ಆರಂಗುಲವಿದ್ದರೂ “ನಾಲ್ಕಂಗುಲದ ಪೈಪು ಮನೆಯಲ್ಲಿಯೇ ಮಿಕ್ಕಿದೆ, ಅದನ್ನೇ ಹಾಕೋಣ” ಎನ್ನುವವರುಂಟು. ಆರಕ್ಕೂ ನಾಲ್ಕಕ್ಕೂ ಎರಡೇ ಅಂಗುಲದ ವ್ಯತ್ಯಾಸವೆಂದು ತೋರುತ್ತದೆ. ವೃತ್ತದ ಕ್ಷೇತ್ರಫಲವನ್ನು ಕಂಡುಹಿಡಿಯಲು ಕಲಿತ ಹುಡುಗಿಯು ಲೆಕ್ಕ ಮಾಡಲಿ: ಆರಂಗುಲದ ಕೊಳವೆಯ ಬಾಯಿ ಸುಮಾರು 28 ಚದರಂಗುಲ, ನಾಲ್ಕಂಗುಲದ್ದು ಸುಮಾರು 12½. ದಾರಿಯು ಅರ್ಧಕ್ಕಿಂತಲೂ ಕಡಮೆಯಾಯಿತು! ಯಂತ್ರವು ಅಬ್ಬರಿಸುತ್ತದೆ, ಹೊಗೆಯು ಮಾತ್ರ ಹೋಗುವುದಿಲ್ಲ. ಚಿಮ್ನಿಯ ಬಾಯಿ ಎಷ್ಟಿದೆಯೋ ಕೊಳವೆಯೂ ಕಡೆಯವರೆಗೆ ಅಷ್ಟೇ ಇರತಕ್ಕದ್ದು.

ನಾಲ್ಕನೆಯದು ತಿರುವು. ಕೊಳವೆಯು ಎಷ್ಟು ಮೋಟಾಗಿಯೂ ನೇರವಾಗಿಯೂ ಇದ್ದರೆ ಅಷ್ಟು ಒಳ್ಳೆಯದು. ಒಂದು ಲಂಬಕೋನದ ತಿರುವು ಗಾಳಿಯನ್ನು ತಡೆಯುವುದರಲ್ಲಿ ಸುಮಾರು ಹತ್ತು ಅಡಿ ನೇರ ಕೊಳವೆಗೆ ಸಮನಾದೀತು. ಮೂರು ತಿರುವುಗಳನ್ನಿಟ್ಟವರು ಕೋಣೆಯೊಳಗೆ ಮೂವತ್ತಡಿ ಕೊಳವೆಯನ್ನು ಕಾಣದಂತೆ ಇಟ್ಟುಕೊಂಡಂತೆಯೇ. ತಿರುಗಿಸಲೇಬೇಕಾದಲ್ಲಿ ಒಮ್ಮೆಲೇ ಮುರಿಯದೆ ಮೆಲ್ಲಗೆ ಬಾಗಿಸಬೇಕು. ಮಡಿಕೆ ಮಡಿಕೆಯಾಗಿ ಹಿಗ್ಗುವ ಅಲ್ಯೂಮಿನಿಯಮ್ ಕೊಳವೆಯನ್ನು ಹಾಕುವುದಾದರೆ ಅದನ್ನು ಪೂರ್ತಿ ಎಳೆದು ಬಿಗಿಯಾಗಿ ಕಟ್ಟಬೇಕು. ಜೋಲುಬಿದ್ದ ಮಡಿಕೆಗಳಲ್ಲಿ ಜಿಡ್ಡು ನಿಲ್ಲುತ್ತದೆ. ನುಣುಪಾದ ತಗಡಿನ ಕೊಳವೆಯು ಎಲ್ಲಕ್ಕಿಂತ ಮೇಲು. ಪ್ಲಾಸ್ಟಿಕ್ ಪೈಪು ಅಗ್ಗವಾದರೂ ಬೆಂಕಿ ತಗುಲಿದರೆ ಕರಗುವಂಥದು. ಹೊರಗಣ ತುದಿಯು ಸ್ವಲ್ಪ ಇಳಿಜಾರಾಗಿರಲಿ, ಮಳೆಯ ನೀರು ಒಳಕ್ಕೆ ಬಾರದು. ನಮ್ಮ ಊರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿಯು ಪಡುವಣದಿಂದಲೂ ಚಳಿಗಾಲದಲ್ಲಿ ಮೂಡಣದಿಂದಲೂ ಬೀಸುವುದು; ಆದುದರಿಂದ ಕೊಳವೆಯ ಬಾಯಿಗೆ ಕೆಳಮುಖವಾದ ಮುಚ್ಚಳವೂ, ಯಂತ್ರವು ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ಹಗುರವಾದ ರೆಕ್ಕೆಯೂ ಇರಬೇಕು. ಇಲ್ಲದಿದ್ದರೆ ಗಾಳಿಯೊಂದಿಗೆ ಜಿರಲೆಯೂ ಒಳಕ್ಕೆ ಬರುವುದು.

ಐದನೆಯದನ್ನು ಬಹುಮಂದಿ ಮರೆಯುತ್ತಾರೆ. ಹೊರಕ್ಕೆ ಹೋದಷ್ಟು ಗಾಳಿಯು ಒಳಕ್ಕೂ ಬರಬೇಕು. ಎಂಟಡಿ ಉದ್ದ, ಏಳಡಿ ಅಗಲ, ಹತ್ತಡಿ ಎತ್ತರದ ಅಡಿಗೆಮನೆಯಲ್ಲಿ 560 ಘನ ಅಡಿ ಗಾಳಿ ಹಿಡಿಯುತ್ತದೆ. ಗಂಟೆಗೆ 1000 ಘನ ಮೀಟರು ಹೀರುವುದೆಂದು ಪೆಟ್ಟಿಗೆಯ ಮೇಲೆ ಬರೆದಿರುವ ಚಿಮ್ನಿಯು ವಾಸ್ತವವಾಗಿ ಅದರ ಅರ್ಧವನ್ನೇ ಹೀರಿದರೂ, ಎರಡು ನಿಮಿಷಕ್ಕೊಮ್ಮೆ ಆ ಕೋಣೆಯ ಗಾಳಿಯೆಲ್ಲ ಬದಲಾಗಬೇಕು. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡರೆ ಅಷ್ಟು ಗಾಳಿಯು ಎಲ್ಲಿಂದ ಬಂದೀತು? ಸಿಕ್ಕ ಸಂದಿನಿಂದ, ಎಂದರೆ ಬಚ್ಚಲಿನಿಂದಲೋ, ಯುಟಿಲಿಟಿಯಲ್ಲಿ ಗ್ಯಾಸ್ ಗೀಸರು ಉರಿಯುವ ಕಡೆಯಿಂದಲೋ ಬಂದೀತು. ಗೀಸರಿನ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವು ಇರಬಹುದಾದುದರಿಂದ ಇದು ಅಪಾಯದ ಮಾತು. ಒಲೆಗೆ ದೂರವಾದ ಕಿಟಕಿಯೊಂದನ್ನು ನಾಲ್ಕು ಬೆರಳು ತೆರೆದಿಟ್ಟು ಚಿಮ್ನಿಯನ್ನು ನಡೆಸುವುದು ಸರಿಯಾದ ಕ್ರಮ. ಇದರ ಜೊತೆಗೆ ಮತ್ತೊಂದು ಎಚ್ಚರಿಕೆ: ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದುದು; ಸೋರಿದಾಗ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸೋರಿಕೆಯ ವಾಸನೆ ಬಂದಾಗ ಚಿಮ್ನಿಯ ಗುಂಡಿಯನ್ನು ಒತ್ತಲೇಬಾರದು. ಸಿಲಿಂಡರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಕ್ಕೆ ಬರಬೇಕು.

ಕೊಳವೆಯ ಬಾಯಿ ಯಾರ ಕಡೆಗೆ ತೆರೆದಿರಬೇಕೆಂಬುದು ಕಡೆಯ ಪ್ರಶ್ನೆ. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಮೆಣಸಿನಕಾಯಿಯ ಘಾಟನ್ನು ಎರಡಡಿ ಸಂದಿನಾಚೆಗಿರುವ ನೆರೆಮನೆಯ ಮಲಗುವ ಕೋಣೆಗೆ ಕಳುಹಿಸಿ, ನಮ್ಮ ಮನೆ ಸ್ವಚ್ಛವಾಯಿತೆಂದು ಸಂತೋಷಪಡುವುದು ಸಭ್ಯತೆಯಲ್ಲ. ಬೆಳಕಿಗೆಂದು ಕಟ್ಟಡಗಳ ಮಧ್ಯೆ ಬಿಡುವ ಬಾವಿಯಂಥ ಇಕ್ಕಟ್ಟಿನ ಜಾಗಕ್ಕೂ ಬಿಡಕೂಡದು. ಕೆಳಗಿನವರ ಹೊಗೆಯು ಅಲ್ಲಿಂದ ಮೇಲಿನವರ ಕಿಟಕಿಗೆ ಏರುತ್ತದೆ. ಅಡಿಗೆಮನೆಯ ಕಿಟಕಿಯು ಒಂದು ಚದರ ಮೀಟರಿಗೆ ಕಡಮೆಯಾಗದೆ ಬಯಲಿಗೇ ತೆರೆಯಬೇಕು, ಇಂಥ ಬಾವಿಗೆ ತೆರೆಯಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೇ ಹೇಳಿದೆ. ಕಿಟಕಿಗೆ ಸಲ್ಲುವ ನ್ಯಾಯವು ಕೊಳವೆಗೂ ಸಲ್ಲಬೇಡವೇ? ಎರಡು ಅಂತಸ್ತುಗಳ ಕೊಳವೆಗಳನ್ನು ಒಂದಕ್ಕೊಂದು ಸೇರಿಸುವುದೂ ತಪ್ಪು. ಒಬ್ಬರ ಯಂತ್ರವು ನಿಂತಾಗ ಇನ್ನೊಬ್ಬರ ಹೊಗೆಯು ಅವರ ಅಡಿಗೆಮನೆಗೆ ಬರುತ್ತದೆ. ರಸ್ತೆಯ ಕಡೆಗಾಗಲಿ ಸ್ವಂತ ಹಿತ್ತಿಲ ಕಡೆಗಾಗಲಿ ಬಿಡುವುದು ಉತ್ತಮ. ಅದೂ ಸಾಧ್ಯವಿಲ್ಲದ ಮೇಲಂತಸ್ತಿನವರು ಛಾವಣಿಯ ಮೇಲಕ್ಕೆ ಏರಿಸಿಕೊಳ್ಳಬಹುದು. ಕೆಳ ಅಂತಸ್ತಿನಿಂದ ಮೂವತ್ತು ನಲವತ್ತು ಅಡಿ ಏರಿಸುವುದಾದರೆ ಆ ಯಂತ್ರಕ್ಕೆ ಅಷ್ಟು ಶಕ್ತಿಯಿದೆಯೇ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಗೋಡೆಯನ್ನು ಕೊರೆಯುವ ಮೊದಲು ನೆರೆಮನೆಯ ತಾಯಿಯನ್ನು ಕರೆದು, “ಅಕ್ಕಾ, ಇಲ್ಲಿ ಬಾಯಿಟ್ಟರೆ ನಿಮಗೆ ತೊಂದರೆಯಾದೀತೇ?” ಎಂದು ಒಂದು ಮಾತು ಕೇಳಿದರೆ ಮುಂದಿನ ಹತ್ತು ವರ್ಷಗಳ ಮನಸ್ತಾಪವು ತಪ್ಪುವುದು.

ಬಾಡಿಗೆಯ ಮನೆಗಳ ಯಜಮಾನರಾದ ಪೋಷಕರಲ್ಲಿ ನಮ್ಮದೊಂದು ಪ್ರತ್ಯೇಕವಾದ ಅರಿಕೆ. ಸ್ವಂತ ಅಂತಸ್ತಿಗೆ ಚಿಮ್ನಿಯನ್ನಿಟ್ಟುಕೊಂಡು ಬಾಡಿಗೆಯ ಅಂತಸ್ತಿನ ಅಡಿಗೆಮನೆಯನ್ನು ಗೂಡಿನಂತೆ ಬಿಡುವುದು ನ್ಯಾಯವಲ್ಲ. ಬಾಡಿಗೆಗಿರುವವಳಿಗೆ ಗೋಡೆಯನ್ನು ಮುಟ್ಟುವ ಅಧಿಕಾರವಿಲ್ಲ. ಆಕೆಯು ಯಂತ್ರವನ್ನು ಕೊಂಡುತಂದರೂ ರಂಧ್ರವನ್ನು ನೀವೇ ಕೊಡಬೇಕು. ಪ್ರತಿಯೊಂದು ಅಂತಸ್ತಿಗೂ ಒಂದೊಂದು ಕೊಳವೆಯ ತುಂಡನ್ನು ಗೋಡೆಯಲ್ಲಿ ಹುದುಗಿಸಿಡಲು ಕಟ್ಟುವ ಕಾಲದಲ್ಲಿ ತಗಲುವ ವೆಚ್ಚವು ಅತ್ಯಲ್ಪ. ಬೇಡವಾದಾಗ ಒಂದು ಮುಚ್ಚಳದಿಂದ ಮುಚ್ಚಿಡಬಹುದು. ಚಿಮ್ನಿಯನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಅಂಥವರಿಗೆ ಒಲೆಯ ಮೇಲ್ಗಡೆ ಎತ್ತರದಲ್ಲಿ ಕೂರಿಸಿದ ಒಂದು ಎಕ್ಸಾಸ್ಟ್ ಫ್ಯಾನೂ, ಎದುರುಗಡೆಯಿಂದ ಗಾಳಿ ಬರುವ ಒಂದು ಕಿಟಕಿಯೂ ಇದ್ದರೆ ಬಹುಮಟ್ಟಿನ ಉಪಕಾರವಾಗುತ್ತದೆ. ಕೊಳವೆಯಿಲ್ಲದ ದುಬಾರಿ ಚಿಮ್ನಿಗಿಂತ ಹೊರಕ್ಕೆ ತಳ್ಳುವ ಸಾಮಾನ್ಯ ಫ್ಯಾನೇ ಮೇಲೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಯಾವ ಯಂತ್ರವಾದರೂ ನಡೆಸುವವರ ಕ್ರಮವನ್ನು ಅವಲಂಬಿಸಿರುತ್ತದೆ. ಒಗ್ಗರಣೆಗಿಡುವ ಮೊದಲೇ ಚಿಮ್ನಿಯನ್ನು ಹಚ್ಚಿ, ಅಡಿಗೆ ಮುಗಿದ ಮೇಲೂ ಹತ್ತು ನಿಮಿಷ ಓಡಲು ಬಿಡಬೇಕು. ಕರಿಯುವ ಬಾಣಲೆಯನ್ನು ಗೋಡೆಯ ಕಡೆಯ ಉರಿಯ ಮೇಲಿಡಬೇಕು; ಮುಂದಿನ ಉರಿಯ ಹೊಗೆಯು ಚಿಮ್ನಿಗಿಂತ ಮೊದಲು ನಮ್ಮ ಮುಖಕ್ಕೆ ಬರುತ್ತದೆ. ತೊಳೆಯುವ ಜಾಲರಿಯಿದ್ದರೆ ತಿಂಗಳಿಗೊಮ್ಮೆಯಾದರೂ ಬಿಸಿನೀರಿನಲ್ಲಿ ತೊಳೆಯಬೇಕು. ಕೊಳವೆಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಬೇಕು. ಕೊಳವೆಯಲ್ಲಿ ಶೇಖರವಾದ ಜಿಡ್ಡು ಬೆಂಕಿಗೆ ಎಣ್ಣೆಯಿದ್ದಂತೆ. ಹಬ್ಬಕ್ಕೊಮ್ಮೆ ಇಲ್ಲಣ ಹೊಡೆಯುತ್ತಿದ್ದ ಅಜ್ಜಿಯ ಶಿಸ್ತು ಇಲ್ಲಿಗೂ ಸಲ್ಲತಕ್ಕದ್ದೇ.

ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತು. ಮನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಅದರ ಸುತ್ತ ಗಂಡಸರು ನಿಲ್ಲುವರು; ಹೆಂಗಸರು ಅವರಿಗೆ ಕಾಫಿಯನ್ನು ತಂದಿಟ್ಟು ಒಳಕ್ಕೆ ಹೋಗುವರು. ಗಾಡಿಯನ್ನು ನಿಲ್ಲಿಸುವ ಸ್ಥಳ, ಮೆಟ್ಟಿಲಿನ ದಿಕ್ಕು, ಬಾಡಿಗೆಗೆ ಎಷ್ಟು ಮನೆ ಎಂಬುದೆಲ್ಲ ನಿಶ್ಚಯವಾಗಿ, ಮಿಕ್ಕ ಮೂಲೆಯು ಅಡಿಗೆಮನೆಯಾಗುವುದು. ಮುಂದೆ ಇಪ್ಪತ್ತು ಮೂವತ್ತು ವರ್ಷ ಆ ಮೂಲೆಯಲ್ಲಿ ನಿತ್ಯ ಮೂರು ನಾಲ್ಕು ಗಂಟೆ ನಿಂತು ಉಸಿರಾಡುವವಳನ್ನು ಯಾರೂ ಕೇಳಿರುವುದಿಲ್ಲ, ಆಕೆಯೂ ಹೇಳಿರುವುದಿಲ್ಲ. ನಿಮಗೆ ಅಳತೆಪಟ್ಟಿಯನ್ನು ಹಿಡಿಯಲು ಬರುತ್ತದೆ. ನಕ್ಷೆಯನ್ನು ಓದಲು ಬರುತ್ತದೆ. ಬಿಸಿಗಾಳಿಯು ಮೇಲಕ್ಕೇರುವುದೇಕೆಂಬುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿದ್ದೀರಿ. ಕಲಿತ ವಿದ್ಯೆಯು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೇ ಮುಗಿಯಬಾರದು. ಆ ಮೇಜಿನ ಬಳಿ ನೀವೂ ನಿಂತು, “ಒಲೆ ಇಲ್ಲಿರಲಿ, ಹೊಗೆಯ ದಾರಿ ಇಲ್ಲಿರಲಿ, ಎಂಟಡಿ ಎತ್ತರಕ್ಕೆ ಏಳಂಗುಲದ ರಂಧ್ರ ಬೇಕು” ಎಂದು ವಿನಯದಿಂದಲೂ ಖಂಡಿತವಾಗಿಯೂ ಹೇಳಿರಿ. ಯಜಮಾನರು ಏಕೆಂದು ಕೇಳಿದರೆ ಕಾರಣವನ್ನು ಲೆಕ್ಕಸಮೇತ ತೋರಿಸಿರಿ. ವಿವೇಕಿಗಳಾದ ಗಂಡಸರು ಲೆಕ್ಕಕ್ಕೆ ಒಪ್ಪದೆ ಇರಲಾರರು.

ಪೋಷಕರೇ, ಈ ಬೇಸಗೆಯಲ್ಲಿ ಮನೆ ಕಟ್ಟುವ ಕೆಲಸವನ್ನು ಕೈಗೊಂಡಿರುವವರು ತಳಪಾಯಕ್ಕೆ ಮುಂಚೆ ಒಮ್ಮೆ ನಕ್ಷೆಯನ್ನು ತೆಗೆದು, ನಿಮ್ಮ ಮಗಳ ಕೈಗೊಂದು ಪೆನ್ಸಿಲನ್ನು ಕೊಟ್ಟು, ಹೊಗೆಯ ದಾರಿಯನ್ನು ಅವಳಿಂದಲೇ ಗುರುತುಮಾಡಿಸಿರಿ. ಅವಳು ತಪ್ಪಿದರೆ ತಿದ್ದಲು ಅಳಿಸುವ ರಬ್ಬರು ಸಾಕು. ಗೋಡೆ ಎದ್ದ ಮೇಲಾದರೆ ಸುತ್ತಿಗೆ ಬೇಕಾಗುವುದು.